ತಲೆದೆಸೆಯ ಡಾಕ್ಟರು

ಅರಕೇರಾದ ಮೂಕಪ್ಪನಿಗೆ ಆ ಹೆಸರಿಟ್ಟವರು ತೊಟ್ಟಿಲಲ್ಲಿ ಅವನ ಅಳು ಕೇಳಿರಲಿಕ್ಕಿಲ್ಲ. ದೇವದುರ್ಗದಲ್ಲಿ ಮೋಟಾರು ಹತ್ತಿದ ಗಳಿಗೆಯಿಂದ ರಾಯಚೂರಿನ ದವಾಖಾನೆಯ ಮೆಟ್ಟಿಲು ಮುಟ್ಟುವ ತನಕ ಅವನ ಬಾಯಿಗೆ ಬಿಡುವಿರಲಿಲ್ಲ. ಮೋಟಾರಿನ ಇಂಜಿನ್ನಾದರೂ ನಡುದಾರಿಯಲ್ಲಿ ನೀರು ಕುಡಿಯಲು ನಿಂತಿತ್ತು, ಮೂಕಪ್ಪ ನಿಂತಿರಲಿಲ್ಲ. ಅವನ ಹಿಂದೆ ಸೊಸೆ ಹುಲಗೆಮ್ಮ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡವಳಂತೆ ನಿಧಾನವಾಗಿ ಬರುತ್ತಿದ್ದಳು. ಆ ಹೊಟ್ಟೆ ಕಂಡು ಮೋಟಾರಿನಲ್ಲಿ ಹೆಂಗಸರು ಎಷ್ಟು ತಿಂಗಳು ಎಂದು ಕೇಳಿದ್ದರು. ಅದು ಬಸಿರಲ್ಲ, ಗಡ್ಡೆ.

"ನಮ್ಮ ಹುಡುಗ ಎಲ್ಲದಾನ್ರಿ? ಯಂಕೋಬ, ಕೊಯ್ಯೋ ಡಾಕ್ಟರ. ಕುರ್ಡಿ ಹುಸೇನಪ್ಪನ ಮಗ. ನಾ ಅವನ ಸೋದರಮಾವ. ಇಕಿ ಅವನ ಖಾಸಾ ಅಕ್ಕ, ನನಗ ಸೊಸಿ" ಎಂದು ಮೂಕಪ್ಪ ಇಡೀ ಪಡಸಾಲೆಗೆ ಕೇಳುವಂತೆ ಕೂಗಿದ.

ನೆಲ ಒರೆಸುತ್ತಿದ್ದ ಆಯಾ ಬೂದೆಮ್ಮ ತಲೆಯೆತ್ತಿದಳು. "ಯಂಕೋಬ ಡಾಕ್ಟರಾ? ಅವ್ರೆಲ್ಲಿ ಕೊಯ್ತಾರ ಯಪ್ಪಾ, ಅವ್ರು..."

"ಮಾವಾ! ಬರ್ರಿ, ಬರ್ರಿ!" ಎಂದು ಒಳಗಿನಿಂದ ಯಂಕೋಬ ಓಡಿ ಬಂದು, ಬೂದೆಮ್ಮನ ಮಾತನ್ನು ಅವಳ ಬಾಯಲ್ಲೇ ಉಳಿಸಿದ. ಅಕ್ಕನ ಕೈ ಹಿಡಿದುಕೊಂಡ. ಕೈ ಹಿಡಿದದ್ದು ಪ್ರೀತಿಯಿಂದಲೇ. ಆದರೆ ಓಡಿ ಬಂದದ್ದು ಪ್ರೀತಿಗಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು.

ಯಂಕೋಬ ಕೊಯ್ಯುವ ಡಾಕ್ಟರನೇ ಅಲ್ಲ. ಮೇಜಿನ ಮೇಲೆ ಮಲಗಿದ ರೋಗಿಯ ತಲೆದೆಸೆಗೆ ಸ್ಟೂಲು ಹಾಕಿಕೊಂಡು ಕೂತು, ಬಟ್ಟೆ ಸುತ್ತಿದ ತಂತಿಯ ಜಾಲರಿಯನ್ನು ಮೂಗಿನ ಮೇಲಿಟ್ಟು, ಅದಕ್ಕೆ ಸೀಸೆಯಿಂದ ಕ್ಲೋರೋಫಾರ್ಮನ್ನು ಹನಿಹನಿಯಾಗಿ ಬಿಡುವವನು. ದವಾಖಾನೆಯ ಮಂದಿಯ ಬಾಯಲ್ಲಿ 'ಬೇಹೋಶಿ ಡಾಕ್ಟರ್', ಎಚ್ಚರ ತಪ್ಪಿಸುವವನು. ಯಾರನ್ನೂ ಎಚ್ಚರ ಇರುವಾಗ ಭೇಟಿಯಾಗದ ಡಾಕ್ಟರನಿಗೆ ಯಾರು ತಾನೇ ನಮಸ್ಕಾರ ಮಾಡುತ್ತಾರೆ? ರೋಗಿ ಕಣ್ಣು ಮುಚ್ಚುವಾಗ ದೇವರನ್ನು ನೆನೆಯುತ್ತಿದ್ದ, ಕಣ್ಣು ಬಿಟ್ಟಾಗ ಸರ್ಜನ್ ಸಾಹೇಬರನ್ನು. ನಡುವೆ ಇದ್ದವನು ನಡುವೆಯೇ ಉಳಿದುಬಿಡುತ್ತಿದ್ದ.

ಅವನಿಗಿಂತ ಮೊದಲು ಆ ಕೆಲಸಕ್ಕೆ ಡಾಕ್ಟರೇ ಬೇಕಿರಲಿಲ್ಲ. ಕಂಪೌಂಡರ್ ಸತ್ತಾರ್ ಸಾಬ್ ಸೀಸೆ ಹಿಡಿಯುತ್ತಿದ್ದರು. ಅವರು ರಜೆ ಹಾಕಿದರೆ ಜವಾನ, ಜವಾನನೂ ಇಲ್ಲದಿದ್ದರೆ ಯಾರ ಕೈ ಖಾಲಿಯೋ ಅವರು. ಯುದ್ಧದ ದಿನಗಳಲ್ಲಿ ಹೈದರಾಬಾದಿನ ಆಸ್ಪತ್ರೆಯೊಂದರಿಂದ ಕಾಗದ ಬಂತು, ಬೇಹೋಶಿಯ ವಿದ್ಯೆಯನ್ನೇ ಬೇರೆಯಾಗಿ ಕಲಿಸುತ್ತೇವೆ, ಒಬ್ಬ ಡಾಕ್ಟರನ್ನು ಕಳಿಸಿ ಎಂದು. ಸಿವಿಲ್ ಸರ್ಜನ್ ಗುಲಾಮ್ ದಸ್ತಗೀರ್ ಸಾಹೇಬರು ಸುತ್ತ ಕಣ್ಣಾಡಿಸಿ, "ಚಾಕು ಹಿಡಿಯೋ ಕೈ ಕಳಿಸಿದ್ರ ನನ್ನ ಕೆಲಸ ನಿಲ್ತದ. ಯಂಕೋಬ್ ಹೋಗ್ಲಿ" ಅಂದಿದ್ದರು. ಕೂಲಿನಾಲಿ ಮಾಡಿ ಓದಿಸಿದ ಅಪ್ಪನ ಮಗ, ಸರ್ಜನ್ ಆಗುವ ಕನಸಿನವನು, ಆ 'ಹೋಗ್ಲಿ' ಎಂಬ ಮಾತನ್ನು ನುಂಗಿಕೊಂಡೇ ರೈಲು ಹತ್ತಿದ್ದ.

ಅಲ್ಲಿ ಕಲಿಸಿದವರು ಡಾಕ್ಟರ್ ಉಮ್ಮೇ ಕುಲ್ಸುಮ್. ಬಿಳಿಯ ದುಪಟ್ಟಾ, ಸಣ್ಣ ದನಿ, ದೊಡ್ಡ ಕಣ್ಣು. ಮೊದಲ ಪಾಠದಲ್ಲೇ ಹೇಳಿದರು: "ಐವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ನೂರಾರು ನಾಯಿ, ಕೋತಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಕಡೆಗೆ ಹೇಳಿದ್ದು ಒಂದೇ ಮಾತು, ಉಸಿರನ್ನು ನೋಡು ಅಂತ. ನೀವು ಉಸಿರು ನೋಡುವುದನ್ನು ಬಿಟ್ಟು ಸರ್ಜನ್ನರ ಚಾಕು ನೋಡುತ್ತ ಕೂತರೆ ಆ ನಾಯಿಗಳು ಸುಮ್ಮನೆ ಸತ್ತ ಹಾಗೆ." ಮುಂದೆ ಬೊಂಬಾಯಿಯಲ್ಲಿ ಇದಕ್ಕೇ ಡಿಪ್ಲೊಮಾ ಬರುತ್ತದಂತೆ, ವಿಲಾಯತಿಯಲ್ಲಿ ಆಗಲೇ ಇದೆಯಂತೆ, ಒಂದು ದಿನ ಸರ್ಜನ್ ನಮ್ಮನ್ನು ಕೇಳಿ ಚಾಕು ಎತ್ತುತ್ತಾನೆ ಎಂದು ಕೂಡ ಅನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು.

ಚಿಕ್ಕಂದಿನಿಂದ ಯಂಕೋಬನಿಗೆ ಅಣಕಿಸುವ ಚಾಳಿ. ಒಮ್ಮೆ ಪಾಠದ ನಡುವೆ ಎದ್ದು ನಿಂತು ಕ್ಲೋರೋಫಾರ್ಮಿನ ಉಸಿರುಗಳನ್ನೆಲ್ಲ ಮಾಡಿ ತೋರಿಸಿದ. ಮೊದಲಿಗೆ ಬಿಕ್ಕುವ ಉಸಿರು, ಆಮೇಲೆ ಸೇಂದಿ ಕುಡಿದವನ ಬಡಬಡಿಕೆ, ಆಮೇಲೆ ಗರಗಸದಂಥ ಗಾಢ ನಿದ್ದೆ. ಕಡೆಗೆ ನಾಲಿಗೆ ಹಿಂದಕ್ಕೆ ಬಿದ್ದವನ ಉಸಿರು. ಬಾವಿಯಲ್ಲಿ ಕೊಡ ಮುಳುಗುವಂಥ ಗೊಳಗೊಳ, ಮರುಗಳಿಗೆ ಸದ್ದೇ ಇಲ್ಲ, ಎದೆ ಮಾತ್ರ ಎಗರುವುದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಉಮ್ಮೇ ಕುಲ್ಸುಮ್ ನಗಲಿಲ್ಲ. "ಇಂಥ ಕಿವಿ ನನಗೂ ಇಲ್ಲ, ಯಂಕೋಬ. ಇದನ್ನು ಬರೀ ನಗಿಸೋಕೆ ಖರ್ಚು ಮಾಡಬೇಡ" ಅಂದರು.

ತರಬೇತಿ ಮುಗಿಸಿ ತನ್ನೂರು ಕುರ್ಡಿಗೆ ಹೋದಾಗ ಅವ್ವ ತಿಮ್ಮವ್ವ ಕೇಳಿದಳು, "ಏನ್ ಕಲ್ತು ಬಂದ್ಯೋ ಯಪ್ಪಾ?"

ಕಟ್ಟೆಯ ತುಂಬ ಮಂದಿ ಕೂತಿದ್ದರು. ಯಂಕೋಬ ಪ್ರಾಮಾಣಿಕವಾಗಿಯೇ ಶುರು ಮಾಡಿದ. "ಕೊಯ್ಯೋಕಿಂತ ಮೊದಲು ಮೂಗಿಗೆ ಒಂದು ಔಷಧ ಹಿಡೀತೀವಿ ಬೇ. ಅದರಿಂದ ಎಚ್ಚರ ತಪ್ತದ, ನೋವು ತಿಳಿಯಂಗಿಲ್ಲ..."

ಅಂದು ಅಲ್ಲೇ ಇದ್ದ ಮೂಕಪ್ಪ ಅಡ್ಡ ಬಾಯಿ ಹಾಕಿದ. "ಅಂದ್ರ ಮಂಕುಬೂದಿ ಎರಚೋ ಕೆಲಸ! ನಮ್ಮ ಅರಕೇರಾ ದಾರ್ಯಾಗ ಸಂತಿ ಮಂದಿಗೆ ಮಂಕುಬೂದಿ ಹಾಕಿ ಗಂಟು ಹೊಡೀತಾರಲ್ಲ, ಅವ್ರು ಯಾವ ಕಾಲೇಜಿಗೆ ಹೋಗಿದ್ರೋ ಅಳಿಯಾ?"

ಕಟ್ಟೆಯೇ ಅಲುಗುವಂತೆ ನಕ್ಕರು. ಅಪ್ಪ ಹುಸೇನಪ್ಪ ಮಾತ್ರ ನಗದೆ ತಲೆ ತಗ್ಗಿಸಿ ಕಾಲ್ಬೆರಳು ನೋಡಿಕೊಂಡ. ಆ ತಗ್ಗಿದ ತಲೆ ಕಂಡೊಡನೆ ಯಂಕೋಬನ ನಾಲಿಗೆ ದಿಕ್ಕು ಬದಲಿಸಿತು. ಎದ್ದು ನಿಂತು, ಎದೆ ಉಬ್ಬಿಸಿ, ದಸ್ತಗೀರ್ ಸಾಹೇಬರ ದನಿ ತೆಗೆದ: "ಚಾಕೂ! ಕೈಂಚೀ! ಅರೇ ಹತ್ತಿ ಎಲ್ಲಿ ಮಿಯಾ, ರಕ್ತ ಏನ್ ನಿಮ್ಮಪ್ಪ ಒರಸ್ತಾನ?" ಗಾಳಿಯಲ್ಲೇ ಒಂದು ಹೊಟ್ಟೆ ಕೊಯ್ದ, ಗಾಳಿಯಲ್ಲೇ ಹೊಲಿದ. ಮಂದಿ ಬಾಯಿ ಬಿಟ್ಟು ನೋಡಿದರು. ನಾನೇ ಕೊಯ್ಯುತ್ತೇನೆ ಎಂದು ಅವನು ಎಲ್ಲೂ ಅನ್ನಲಿಲ್ಲ. ಸುಳ್ಳು ಹೇಳಲಿಲ್ಲ, ಬಂದ ಸುಳ್ಳಿಗೆ ಚಾಪೆ ಹಾಸಿ ಕೂಡ್ರಿಸಿದ, ಅಷ್ಟೆ. ಹುಸೇನಪ್ಪನ ತಲೆ ಮೇಲಕ್ಕೆ ಬಂತು. ಅಂದಿನಿಂದ ಮಾನ್ವಿ ಸೀಮೆಗೆಲ್ಲ ಯಂಕೋಬ ಕೊಯ್ಯುವ ಡಾಕ್ಟರನಾದ.

ಆ ಚಾಪೆಯ ಮೇಲೆ ಈಗ ಅಕ್ಕ ಬಂದು ಕೂತಿದ್ದಳು.

ದಸ್ತಗೀರ್ ಸಾಹೇಬರು ಹುಲಗೆಮ್ಮನ ಹೊಟ್ಟೆ ಒತ್ತಿ ನೋಡಿ, ಗಡ್ಡೆ ತೆಗೆಯಲೇಬೇಕು, ತಡ ಮಾಡಿದರೆ ಒಳಗೇ ಒಡೆಯುತ್ತದೆ ಅಂದರು. ಮೂಕಪ್ಪ ಅದಕ್ಕೆ ಒಪ್ಪಿದ, ಆದರೆ ಕರಾರು ಹಾಕಿದ. "ಯಂಕೋಬನೇ ಕೊಯ್ಯಬೇಕು. ನಾ ಕಿಟಕ್ಯಾಗ ನಿಂತು ನೋಡಬೇಕು. ಆಮ್ಯಾಲ ಹೆಬ್ಬಟ್ಟು."

ಕಿಟಕಿಯ ಮಾತು ಹೊಸದಲ್ಲ. ಆ ಸೀಮೆಯಲ್ಲಿ ಮನೆಯ ಹಿರಿಯನೊಬ್ಬ ಕಣ್ಣಾರೆ ನೋಡದ ಹೊರತು ಯಾರೂ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಸತ್ತರೆ 'ನಾ ಅಲ್ಲೇ ಇದ್ದೆ' ಅನ್ನಲು ಒಬ್ಬ ಬೇಕು, ಬದುಕಿದರೆ ಊರಲ್ಲಿ ಕಥೆ ಹೇಳಲಿಕ್ಕೂ ಒಬ್ಬ ಬೇಕು. ಅದಕ್ಕೆಂದೇ ಸಾಹೇಬರು ಆಪರೇಷನ್ ಕೋಣೆಯ ಗಾಜಿನ ಕಿಟಕಿಗೆ ಹೊರಗಿನಿಂದ ಒಂದು ಬೆಂಚು ಹಾಕಿಸಿದ್ದರು.

ಹೇಳಲು ಅದೇ ಸರಿಯಾದ ಗಳಿಗೆ. ಮಾವಾ, ಕೊಯ್ಯುವವರು ಸಾಹೇಬರು, ಅಕ್ಕನ ಉಸಿರು ಕಾಯುವವನು ನಾನು ಎನ್ನುವ ಮಾತು ಯಂಕೋಬನ ಗಂಟಲಿನ ತನಕ ಬಂತು. ಅಷ್ಟರಲ್ಲಿ ಹುಲಗೆಮ್ಮ ನಕ್ಕು, "ನನ್ನ ತಮ್ಮನ ಕೈಯಾಗ ಆದ್ರ ನನಗೇನು ಅಂಜಿಕಿ ಇಲ್ರಿ ಸಾಬ್ರ" ಅಂದುಬಿಟ್ಟಳು. ಮಾತು ಬಂದ ದಾರಿಯಲ್ಲೇ ಕೆಳಗಿಳಿಯಿತು.

ಸಾಹೇಬರ ಕೋಣೆಗೆ ಹೋಗಿ, ತಲೆ ಕೆರೆಯುತ್ತ, ಕುರ್ಡಿಯ ಕಟ್ಟೆಯ ಕಥೆ ಹೇಳಿದ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಅರೇ ಇಷ್ಟಕ್ಕ ಮುಖ ಯಾಕ ಸಣ್ಣ ಮಾಡೀ? ನಾಳೆ ನೀ ನನ್ನ ಎದುರಿಗೆ ನಿಲ್ಲು. ಚರ್ಮ ನೀ ಕೊಯ್ಯಿ, ಗಾಯ ಅಗಲಿಸೋ ಕೊಕ್ಕಿ ಹಿಡಿ, ಕಡೀಗೆ ಹೊಲಿಗಿ ನೀ ಹಾಕು. ಮಾವ ಖುಷ್, ಅಳಿಯ ಖುಷ್. ಸೀಸಾ ಏನು, ಸತ್ತಾರ್ ಹಿಡೀತಾನ. ಸೀಸಾ ಯಾರ್ ಹಿಡಿದ್ರೇನು?"

ಆ ಕಡೆಯ ಮಾತಿಗೆ ಯಂಕೋಬನ ಎದೆ ಚುರುಕ್ ಎನ್ನಬೇಕಿತ್ತು, ಅನ್ನಲಿಲ್ಲ. ಅವನ ಮನಸ್ಸು ಆಗಲೇ ಚಾಕುವಿನ ಹಿಡಿ ಮುಟ್ಟಿ ನೋಡುತ್ತಿತ್ತು.

ಸತ್ತಾರ್ ಸಾಬ್ ಮಾತ್ರ ಎರಡೂ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಡಾಕ್ಟರ್ ಸಾಬ್. ನನ್ನ ಕಣ್ಣು ಮೊದ್ಲಿನಂಗ ಇಲ್ಲ. ನೀವು ಬಂದ ಮ್ಯಾಲ ನಾ ಸೀಸಾ ಮುಟ್ಟಿಲ್ಲ. ನಿಮ್ಮ ಅಕ್ಕಾರು ಬ್ಯಾರೆ."

"ಏನಾಗಂಗಿಲ್ಲ ಸತ್ತಾರ್ ಸಾಬ್. ನಾನೂ ಅಲ್ಲೇ ಇರ್ತೀನಲ್ಲ, ಮೂರು ಮೊಳದಾಗ."

"ಮೂರು ಮೊಳಾನೂ ದೂರನ ಅಲ್ಲೇನ್ರೀ?"

"ಹಿಡೀರಿ ಅಂದ್ರ ಹಿಡೀರಿ" ಅಂದ ಯಂಕೋಬ. ಆ ದನಿ ತನ್ನದಲ್ಲ, ದಸ್ತಗೀರ್ ಸಾಹೇಬರದು ಎಂದು ಅಂದ ಮೇಲೆ ಅವನಿಗೇ ತಿಳಿಯಿತು.

ಮರುದಿನ ಬಿಸಿಲು ಏರುವ ಮೊದಲೇ ಹುಲಗೆಮ್ಮನನ್ನು ಮೇಜಿಗೆ ತಂದರು. ಹೈದರಾಬಾದಿನಲ್ಲಿ ಅವನು ಕಲಿತದ್ದು ಹೆಚ್ಚಾಗಿ ಈಥರು ಎಂಬ ಇನ್ನೊಂದು ಮತ್ತಿನ ಔಷಧ. ಆದರೆ ರಾಯಚೂರಿನ ಬೇಸಿಗೆಗೆ ಈಥರು ಸೀಸೆಯಿಂದ ಮೂಗಿಗೆ ಬರುವುದರೊಳಗೆ ಅರ್ಧ ಗಾಳಿಯ ಪಾಲಾಗುತ್ತಿತ್ತು. ಹಾಗಾಗಿ ಇಲ್ಲಿ ಕ್ಲೋರೋಫಾರ್ಮೇ. ಬೇಗ ಮಲಗಿಸುತ್ತದೆ, ಕೈ ತಪ್ಪಿದರೆ ಬೇಗ ಮುಗಿಸುತ್ತದೆ.

"ತಮ್ಮಾ, ಎಲ್ಲಿರ್ತಿ ನೀನು?" ಎಂದು ಹುಲಗೆಮ್ಮ ಕೇಳಿದಳು.

"ಇಲ್ಲೇ ಇರ್ತೀನಿ ಅಕ್ಕ" ಅಂದ, ಮತ್ತು ತಲೆದೆಸೆಯಿಂದ ನಡೆದು ಹೊಟ್ಟೆಯ ಪಕ್ಕಕ್ಕೆ ಹೋದ.

ಕಿಟಕಿಯಲ್ಲಿ ಮೂಕಪ್ಪನ ಮುಖ ಗಾಜಿಗೆ ಅಂಟಿಕೊಂಡಿತ್ತು, ಮೂಗು ಚಪ್ಪಟೆಯಾಗಿತ್ತು. ಹಿಂದೆ ನಿಂತವರಿಗೆ ಅವನು ಬಿಡದೆ ವರದಿ ಒಪ್ಪಿಸುತ್ತಿದ್ದ: "ಹಿಡಿದ ನೋಡ್ರಿ, ಚಾಕು ಹಿಡಿದ! ಗೆರಿ ಎಳದ!" ಯಂಕೋಬ ಚರ್ಮದ ಮೇಲೆ ಗೆರೆ ಎಳೆದದ್ದು ನಿಜ. ಕೈ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೂ ನಿಜ. ಆಮೇಲೆ ಚಾಕು ಸಾಹೇಬರ ಕೈಗೆ ಹೋಯಿತು, ಕೊಕ್ಕಿ ಅವನ ಕೈಗೆ ಬಂತು. ಗಾಯದ ಅಂಚನ್ನು ಎಳೆದು ಹಿಡಿದು, ಕಿಟಕಿಗೆ ಕಾಣುವಂತೆ ಸ್ವಲ್ಪ ಓರೆಯಾಗಿ ನಿಂತ. ಗಡ್ಡೆ ಕುಂಬಳಕಾಯಿಯಂತೆ ಮೆಲ್ಲಗೆ ಹೊರಗೆ ಬರತೊಡಗಿತು. ಅಂಥದ್ದನ್ನು ಕಂಡು ಯಾರಾದರೂ ಬೆರಗಾಗಬೇಕು. ಸತ್ತಾರ್ ಸಾಬರೂ ಬೆರಗಾಗಿ ಅದನ್ನೇ ನೋಡುತ್ತಿದ್ದರು.

ಆಗ ಆ ಸದ್ದು ಕೇಳಿತು. ಬಾವಿಯಲ್ಲಿ ಕೊಡ ಮುಳುಗುವ ಗೊಳಗೊಳ.

ಕೋಣೆಯಲ್ಲಿ ಆ ಸದ್ದಿನ ಅರ್ಥ ಬಲ್ಲವನು ಒಬ್ಬನೇ. ಅವನ ಕಿವಿ ಅದನ್ನು ಕೂಡಲೇ ಗುರುತು ಹಿಡಿಯಿತು, ಕಾಲು ಮಾತ್ರ ಏಳಲಿಲ್ಲ. ಕಿಟಕಿಯಲ್ಲಿ ಮಾವ ನಗುತ್ತಿದ್ದ. ಈಗ ಕೊಕ್ಕಿ ಬಿಟ್ಟು ತಲೆದೆಸೆಗೆ ಓಡಿದರೆ ಏನೆಂದುಕೊಂಡಾನು? ಸತ್ತಾರ್ ಸಾಬ್ ನೋಡಿಕೊಳ್ಳಬಹುದು. ಇನ್ನೊಂದು ಉಸಿರು ನೋಡೋಣ. ಗೊಳಗೊಳ ನಿಂತಿತು. ಸದ್ದು ನಿಂತದ್ದಕ್ಕೆ ಸತ್ತಾರ್ ಸಾಬ್ ಗಾಢ ನಿದ್ದೆ ಬಂತೆಂದು ನೆಮ್ಮದಿಯಿಂದ ಇನ್ನೂ ಹನಿ ಬಿಟ್ಟರು. ಇನ್ನೊಂದು ನೋಡೋಣ ಎಂದುಕೊಂಡ ಯಂಕೋಬ. ಆ ಇನ್ನೊಂದು ಬರಲಿಲ್ಲ. ಅಕ್ಕನ ಎದೆ ಸದ್ದಿಲ್ಲದೆ ಎಗರಿತು, ಮತ್ತೆ ಎಗರಿತು, ಆಮೇಲೆ ಎಗರುವುದನ್ನೂ ಬಿಟ್ಟಿತು.

"ರಕ್ತ ಯಾಕ ಕಪ್ಪಾಗ್ತದ?" ಎಂದರು ಸಾಹೇಬರು.

ಆಗ ಓಡಿದ. ಕೊಕ್ಕಿ ನೆಲಕ್ಕೆ ಬಿದ್ದು ಠಣ್ ಎಂದಿತು. ಜಾಲರಿ ಕಿತ್ತೆಸೆದು, ದವಡೆ ಹಿಡಿದು ಮುಂದಕ್ಕೆಳೆದ. ಬಾಯಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹಲ್ಲಿನ ಸಂದಿಗೆ ಮರದ ಬೆಣೆ ತೂರಿಸಿ, ಒಳಗೆ ನೀಲಿಗಟ್ಟಿ ಮುದುಡಿದ ನಾಲಿಗೆಯನ್ನು ಇಕ್ಕಳದಿಂದ ಕಚ್ಚಿ ಹೊರಗೆಳೆದ. ಅದು ಹರಿಯಿತು, ಎಳೆಯುವುದನ್ನು ಬಿಡಲಿಲ್ಲ. "ಸತ್ತಾರ್ ಸಾಬ್, ತೋಳು! ತೋಳು ಮೇಲಕ್ಕೆ ಎತ್ರಿ, ಎದಿಗೆ ಒತ್ರಿ! ಎತ್ರಿ, ಒತ್ರಿ!" ಸಾಹೇಬರು ಗಾಯದ ಮೇಲೆ ಹತ್ತಿ ಒತ್ತಿ ಹಿಡಿದು ಸುಮ್ಮನೆ ನಿಂತರು. ಮೊಟ್ಟಮೊದಲ ಬಾರಿಗೆ ಆ ಕೋಣೆಯಲ್ಲಿ ಹುಕುಂ ತಲೆದೆಸೆಯಿಂದ ಬರುತ್ತಿತ್ತು. ಎಲ್ಲರೂ ಪಾಲಿಸುತ್ತಿದ್ದರು. ಅಕ್ಕನ ಮುಖ ಹಳೆಯ ಹಿತ್ತಾಳೆಯ ಬಣ್ಣಕ್ಕೆ ಬಂದಿತ್ತು. ಯಂಕೋಬ ಅವಳ ಬಾಯಿಗೆ ಕಿವಿ ಕೊಟ್ಟು ಕೂತ. ಎಷ್ಟು ಹೊತ್ತೋ.

ಕಡೆಗೊಮ್ಮೆ, ಹೊಸ ಕೂಸು ಎಳೆದುಕೊಂಡಂತೆ, ಒಂದು ಹರಕು ಉಸಿರು ಒಳಗೆ ಹೋಯಿತು.

ಗಡ್ಡೆ ತೆಗೆದದ್ದೂ ಆಯಿತು, ಹೊಲಿದದ್ದೂ ಆಯಿತು. ಹೊಲಿದವರು ಸಾಹೇಬರು. ಯಂಕೋಬ ತಲೆದೆಸೆ ಬಿಟ್ಟು ಏಳಲಿಲ್ಲ.

ಹೊರಗೆ ಬಂದಾಗ ಪಡಸಾಲೆಯಲ್ಲಿ ಜಾತ್ರೆ. ಮೂಕಪ್ಪ ನಡುವೆ ನಿಂತು ಯಂಕೋಬನನ್ನೇ ಅಣಕಿಸಿ ತೋರಿಸುತ್ತಿದ್ದ: "ಹಿಂಗ ಕೊಕ್ಕಿ ಒಗದ! ಹಿಂಗ ಜಿಗದ! 'ಎತ್ರಿ! ಒತ್ರಿ!' ಅಂದ. ದೊಡ್ಡ ಸಾಬ್ರು ಕಂಬದಂಗ ನಿಂತ್ರು. ಕೊಯ್ಯೋದು ಏನ್ರಿ, ಕುರಿ ಕೊಯ್ಯೋನೂ ಕೊಯ್ತಾನ. ಹೋದ ಜೀವದ ಕೊರಳಿಗೆ ಹಗ್ಗ ಹಾಕಿ ಎಳಕೊಂಡು ಬಂದ ನಮ್ಮ ಹುಡುಗ! ಇದೇನು ವಿದ್ಯಾ ಅಳಿಯಾ, ಹೆಸರೇನದ ಇದಕ್ಕ?"

ಯಾವ ಕೆಲಸದ ಹೆಸರು ಹೇಳಲು ನಾಚಿ ಇಷ್ಟೆಲ್ಲ ಮಾಡಿದನೋ, ಅದರ ಹೆಸರನ್ನು ಮಾವ ಕೈಮುಗಿದು ಕೇಳುತ್ತಿದ್ದ. ಯಂಕೋಬನ ಮೇಲೆ ಹೊಗಳಿಕೆಯ ಒಂದೊಂದು ಮಾತೂ ಬಿಸಿ ಎಣ್ಣೆಯ ಹನಿಯಂತೆ ಬೀಳುತ್ತಿತ್ತು.

ಸಾಹೇಬರೂ ಹೊಗಳಿದರು. ಎಲ್ಲರ ಎದುರಿಗೇ, "ನಂದು ತಪ್ಪು ತಿಳುವಳಿಕಿ. ಇನ್ನ ಮ್ಯಾಲ ನಿನ್ನ ಬಿಟ್ಟು ಯಾರೂ ಸೀಸಾ ಮುಟ್ಟಬಾರದು. ನೀ 'ಹ್ಞೂಂ' ಅಂದ ಮ್ಯಾಲ ನಾ ಚಾಕು ಎತ್ತೋದು. ಇನ್ನೊಬ್ಬನ್ನೂ ಕಳಸೋಣ ಹೈದ್ರಾಬಾದಿಗೆ" ಅಂದರು. ಆಮೇಲೆ ಸತ್ತಾರ್ ಸಾಬರತ್ತ ತಿರುಗಿದರು. "ಉಸಿರು ನಿಂತದ್ದು ತಿಳೀಲಿಲ್ಲ ನಿನಗ? ಕುರುಡಾ? ನಾಳಿಂದ ಈ ಕೋಣಿಗೆ ಕಾಲಿಡಬ್ಯಾಡ."

ಸತ್ತಾರ್ ಸಾಬ್ ಯಂಕೋಬನ ಮುಖವನ್ನು ಒಮ್ಮೆ ನೋಡಿದರು. ಯಂಕೋಬ ತನ್ನ ಕೈ ನೋಡಿಕೊಂಡ. ಸತ್ತಾರ್ ಸಾಬ್ ಸಲಾಂ ಹೇಳಿ ಹೊರಗೆ ಹೋದರು.

ಮಧ್ಯಾಹ್ನ ಹುಲಗೆಮ್ಮನಿಗೆ ಪೂರ್ತಿ ಎಚ್ಚರವಾಯಿತು. ವಾರ್ಡಿನಲ್ಲಿ ಯಂಕೋಬ ಅವಳ ಪಕ್ಕದಲ್ಲೇ ಕೂತಿದ್ದ, ಮೂಕಪ್ಪ ಕಾಲದೆಸೆಗಿದ್ದ. ಅವಳು ಮಾತಾಡಲು ಹೋಗಿ ಮುಖ ಕಿವುಚಿದಳು. ನಾಲಿಗೆ ಊದಿತ್ತು.

"ತಮ್ಮಾ, ನೀ ಹೊಟ್ಟಿ ಕೊಯ್ದಿ. ನಾಲಿಗಿ ಯಾಕ ಹರದದ?"

ಮೂಕಪ್ಪ ಬಾಯಿ ತೆರೆದ. ಯಂಕೋಬ ಕೈ ಅಡ್ಡ ಮಾಡಿ ತಡೆದ.

"ಹೊಟ್ಟಿ ನಾ ಕೊಯ್ದಿಲ್ಲ ಅಕ್ಕ. ಸಾಬ್ರು ಕೊಯ್ದಿದ್ದು. ನಾ ಕೊಯ್ಯೋ ಡಾಕ್ಟರ್ ಅಲ್ಲ. ನಿದ್ದಿ ಬರಿಸಿ ಉಸಿರು ಕಾಯೋದು ನನ್ನ ಕೆಲಸ. ಅದನ್ನ ಸತ್ತಾರ್ ಸಾಬ್ರ ಕೈಗೆ ಕೊಟ್ಟು ಬಂದು, ಮಾವಗ ಕಾಣ್ಲಿ ಅಂತ ಕೊಕ್ಕಿ ಹಿಡಕೊಂಡು ನಿಂತೆ. ಆಗ ನಿನ್ನ ಉಸಿರು ಕಟ್ಟಿತು."

"ಕಟ್ಟಿದ್ದು ನಿನಗ ತಿಳೀತೇನು?"

"ತಿಳೀತು."

"ತಿಳದ ಕೂಡ್ಲೇ ಬಂದ್ಯಾ?"

ಮಂಚದ ಕೆಳಗೆ ಇರುವೆಯ ಸಾಲೊಂದು ಹೋಗುತ್ತಿತ್ತು. ಯಂಕೋಬ ಅದನ್ನು ನೋಡಿದ. "ಇಲ್ಲ ಅಕ್ಕ. ಮಾವ ನೋಡಾಕತ್ತಿದ್ದ."

ಹುಲಗೆಮ್ಮ ಹೊಡೆದಿದ್ದರೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು, ತನಗೇ ನಾಚಿಕೆಯಾದವಳ ಹಾಗೆ. ಮೂಕಪ್ಪ ಬಗ್ಗಿ ಯಂಕೋಬನ ಕಿವಿಯಲ್ಲಿ, "ಊರಾಗ ಇದನ್ನ ಆಡಬ್ಯಾಡ. ನಾ ಆಗಲೇ ಮೋಟಾರಿನ್ಯಾಗ ಹೋಗೋರ ಕೂಡ ನೀ ಜೀವ ಉಳಿಸಿದ್ದು ಹೇಳಿ ಕಳಿಸೀನಿ. ನಿಮ್ಮಪ್ಪ ಎದಿ ಒಡಕೊಂತಾನ" ಅಂದ.

ಸೆರಗಿನೊಳಗಿನಿಂದಲೇ ಹುಲಗೆಮ್ಮ ಕೇಳಿದಳು. "ಆ ಸಾಬಣ್ಣನ್ನ ಕೆಲಸದಿಂದ ತೆಗದ್ರಂತ, ನನಗ ಅರೆಎಚ್ಚರ ಇದ್ದಾಗ ಆಯಾ ಅಂತಿದ್ಲು. ನೀ ಕೈಗೆ ಕೊಟ್ಟದ್ದಕ್ಕ ಹಿಡದೋನು ಅವನು. ದೊಡ್ಡ ಸಾಬ್ರಿಗೆ ಹೇಳಿದ್ಯಾ?"

"ಇಲ್ಲ."

"ಮತ್ತ ಇಲ್ಯಾಕ ಕುಂತಿ?"

ಸತ್ತಾರ್ ಸಾಬ್ ಔಷಧಿ ಕೋಣೆಯ ಹಿಂದಿನ ಬೇವಿನ ನೆರಳಲ್ಲಿ ಕೂತಿದ್ದರು. ಯಂಕೋಬನನ್ನು ಕಂಡು ಎದ್ದು ನಿಂತರು. "ಅಕ್ಕಾರು ಹೆಂಗದಾರ್ರಿ?"

"ಮಾತಾಡ್ತಾಳ. ಬರ್ರಿ ಸತ್ತಾರ್ ಸಾಬ್, ಸಾಹೇಬ್ರ ಹತ್ರ ಹೋಗೋಣ. ತಪ್ಪು ನಂದು ಅಂತ ಹೇಳ್ತೀನಿ. ನನಗ ಕೇಳಿಸಿತ್ತು, ಕೇಳಿಸಿದ್ರೂ ನಿಂತಿದ್ದೆ ಅಂತ ಹೇಳ್ತೀನಿ."

ಸತ್ತಾರ್ ಸಾಬ್ ದನಿ ತಗ್ಗಿಸಿ, "ಬ್ಯಾಡ್ರಿ. ನಂದು ಹೆಂಗೂ ಮುಗೀತು. ನಿಮಗ ಈಗ ಹೆಸರು ಬಂದದ. ಇದನ್ನ ಹೇಳಿದ್ರ ಸಾಹೇಬ್ರು ಈ ವಿದ್ಯೆಗೇ ಮರ್ಯಾದಿ ಕೊಡಂಗಿಲ್ಲ. ಸುಮ್ನಿದ್ದು ಬಿಡ್ರಿ" ಅಂದರು.

ಆ ಮಾತು ಕೇಳಿ ಯಂಕೋಬನ ಎದೆ ಒಂದು ಗಳಿಗೆ ಹಗುರಾಯಿತು. ಒಳ್ಳೆಯ ಕಾರಣವೇ ಸಿಕ್ಕಿತ್ತಲ್ಲ. ಹಗುರಾದದ್ದು ತಿಳಿದಾಗ ಅವನ ಮುಖಕ್ಕೆ ರಕ್ತ ನುಗ್ಗಿತು. ಅಕ್ಕನ ಮೇಜಿನ ಬಳಿ ನಿಂತಿದ್ದಾಗಲೂ ಇಷ್ಟು ನಾಚಿಕೆ ಆಗಿರಲಿಲ್ಲ.

"ನೀವು ಬರದಿದ್ರ ಬ್ಯಾಡ" ಎಂದು, ಸತ್ತಾರ್ ಸಾಬರನ್ನು ಅಲ್ಲೇ ಬಿಟ್ಟು, ಬಿಸಿಲಿನಲ್ಲಿ ಅಂಗಳ ದಾಟಿದ. ಸಾಹೇಬರು ಕಾಗದ ಬರೆಯುತ್ತಿದ್ದರು. ತಲೆಯೆತ್ತಿ ನಕ್ಕು, "ಬಾ ಬಾ, ನಿನ್ನ ಮಾತೇ ಬರೀಲಿಕ್ಕತ್ತೀನಿ. ಹೈದ್ರಾಬಾದಿಗೆ" ಅಂದರು.

ಯಂಕೋಬ ಬಾಗಿಲ ಚೌಕಟ್ಟು ಹಿಡಿದು ನಿಂತ. "ಸ್ವಲ್ಪ ನಿಲ್ಲಸ್ರಿ ಸಾಬ್" ಅಂದ.